ಕೋಳಿಗಳಿಗೆ ಸಂಕಪ್ಪ ಮಾಡಿಸಿದ ಪರಿಚಯ

ಪುಣೆ ಸ್ಟೇಷನ್ನಿನ ಹಿಂಬದಿಯಲ್ಲಿ ಸಂಕಪ್ಪನ ಖಾನಾವಳಿಯಿತ್ತು. ಗಿರಾಕಿಗಳು ಹೆಚ್ಚಾಗಿ ರೈಲ್ವೆಯವರು. ರೈಲು ತಡವಾದರೆ ತಲೆ ಕೆಡಿಸಿಕೊಳ್ಳದ ಅವರು ಆಮ್ಲೇಟು ತಡವಾದರೆ ಮಾತ್ರ ಸಹಿಸುತ್ತಿರಲಿಲ್ಲ.

ಹಿತ್ತಲಿನ ಕೋಳಿಗಳನ್ನೆಲ್ಲ ಮಳೆಗಾಲದಲ್ಲಿ ಮುಂಗುಸಿ ಹೊತ್ತೊಯ್ದು, ಕೆಂಪಿ ಒಬ್ಬಳೇ ಉಳಿದಿದ್ದಳು. ಸಂಕಪ್ಪನ ಹೆಂಡತಿ ರಾಜೀವಿ ಮದುವೆಯಾಗಿ ಮಂಗಳೂರಿನಿಂದ ಮುಂಬಯಿಗೆ ಹಡಗು ಹತ್ತಿದಾಗ ತವರಿನಿಂದ ಬುಟ್ಟಿಯಲ್ಲಿ ತಂದ ಮರಿಗಳಲ್ಲಿ ಇವಳೇ ಕೊನೆಯವಳು. ಹಾಗಾಗಿ ಅವಳನ್ನು ಅಡುಗೆಮನೆಯ ಬಾಗಿಲಿಗೆ ಕಾಲುದಾರ ಹಾಕಿ ಕಟ್ಟಿ, ದೋಸೆಯ ಅಂಚು, ನೆನೆಸಿದ ಅಕ್ಕಿ, ಒಮ್ಮೊಮ್ಮೆ ತೆಂಗಿನಕಾಯಿಯ ಚೂರು ಕೈಯಲ್ಲೇ ತಿನ್ನಿಸಿ ಸಾಕಲಾಯಿತು. ಕೆಂಪಿ ಮೈತುಂಬಿಕೊಂಡಳು. ಮೊಟ್ಟೆಯನ್ನು ಮಾತ್ರ ಮನಸ್ಸಾದಾಗ ಇಡುತ್ತಿದ್ದಳು.

ಖಾನಾವಳಿಗೆ ಅದು ಸಾಲದು. ಭೋರ್ ಕಡೆಯಿಂದ ಬರುವ ಕೋಳಿ ವ್ಯಾಪಾರಿಯ ಹತ್ತಿರ ಸಂಕಪ್ಪ ಎರಡು ಕರಿ ಹೇಂಟೆಗಳನ್ನು ಕೊಂಡ. ಇನ್ನು ಅವಕ್ಕೂ ಕೆಂಪಿಗೂ ಪರಿಚಯ ಮಾಡಿಸಬೇಕಿತ್ತು.

ಎರಡು ಕೋಳಿಗಳಿಗೆ ಪರಿಚಯ ಮಾಡಿಸುವ ವಿಧಾನ ಸಂಕಪ್ಪನಿಗೆ ಒಂದೇ ಗೊತ್ತಿತ್ತು. ಹರೆಯದಲ್ಲಿ ಅವನು ಊರಿನ ಕೋಳಿ ಅಂಕಗಳಲ್ಲಿ, ಅಂದರೆ ಕೋಳಿ ಕಾಳಗಗಳಲ್ಲಿ, ಹೆಸರು ಮಾಡಿದವನು. ಅವನು ಹುಂಜ ಹಿಡಿದು ಗದ್ದೆಗಿಳಿದರೆ ಎದುರಿನವರು ಇನ್ನೊಮ್ಮೆ ಯೋಚಿಸುತ್ತಿದ್ದರಂತೆ. ಮದುವೆಗೆ ಮೊದಲು ರಾಜೀವಿಯ ಸೋದರಮಾವ ಅವನನ್ನು ದೈವದ ಮುಂದೆ ನಿಲ್ಲಿಸಿ, ಇನ್ನು ಅಂಕದ ಸುದ್ದಿಯನ್ನು ಬಾಯಲ್ಲೂ ಎತ್ತುವುದಿಲ್ಲವೆಂದು ಪ್ರಮಾಣ ಮಾಡಿಸಿದ್ದರು. ಬಾಯಿ ಪ್ರಮಾಣವನ್ನು ಪಾಲಿಸಿಕೊಂಡು ಬಂದಿತ್ತು. ಕೈಗೆ ಯಾರೂ ಪ್ರಮಾಣ ಮಾಡಿಸಿರಲಿಲ್ಲ.

ಅವನು ಹಿತ್ತಲಲ್ಲಿ ಕೆಂಪಿಯ ಕಾಲುದಾರ ಬಿಚ್ಚಿ ಅವಳನ್ನು ಒಂದು ಕಂಕುಳಲ್ಲಿ, ಒಂದು ಕರಿ ಹೇಂಟೆಯನ್ನು ಇನ್ನೊಂದರಲ್ಲಿ ಹಿಡಿದ. ಕೊಕ್ಕಿಗೆ ಕೊಕ್ಕು ತಾಗುವಷ್ಟು ಹತ್ತಿರ ತಂದ, ದೂರ ಒಯ್ದ, ಮತ್ತೆ ತಂದ. ಗಿರಾಕಿಗಳು ಚಹಾದ ಕಪ್ಪು ಹಿಡಿದುಕೊಂಡೇ ಬಂದು ಸುತ್ತ ನಿಂತರು. ಸಂಕಪ್ಪ ಎರಡನ್ನೂ ಕೆಳಗೆ ಬಿಟ್ಟ.

ಮುಂದಿನದು ಪರಿಚಯದ ಸಾಮಾನ್ಯ ಅರ್ಥಕ್ಕೆ ನಿಲುಕುವಂಥದ್ದಲ್ಲ. ಕರಿ ಪುಕ್ಕಗಳು ಚಹಾದೊಳಗೂ ಬಿದ್ದವು. ಪಕ್ಕದಲ್ಲಿದ್ದ ಇನ್ನೊಂದೂ ಸೇರಿ ಹೊಸಬರಿಬ್ಬರೂ ಸೌದೆಯ ರಾಶಿಯ ಕೆಳಗೆ ನುಗ್ಗಿದರು. ಕೆಂಪಿ ರಾಶಿಯ ಮೇಲೆ ಹತ್ತಿ ನಿಂತಳು.

ಮಾಳಿಗೆಯ ಕಿಟಕಿ ತೆರೆಯಿತು. ಅಲ್ಲಿ ಬಾಡಿಗೆಗಿದ್ದವರು ಧಾರವಾಡ ಕಡೆಯ ಶಿವಪುತ್ರಪ್ಪ, ಒಂದು ಛಾಪಖಾನೆಯಲ್ಲಿ ಕರಡು ತಿದ್ದುವವರು. ಅವರು ತತ್ತಿ ತಿನ್ನುವವರಲ್ಲ. ಆದರೆ ತತ್ತಿ ಇಡುವವರ ಸಮಾಜ ಹೇಗಿರಬೇಕೆಂಬ ಬಗ್ಗೆ ಅವರಿಗೆ ಖಚಿತವಾದ ಅಭಿಪ್ರಾಯಗಳಿದ್ದವು.

"ಅಲ್ರೀ ಸಂಕಪ್ಪನವರ, ಮನೀಗೆ ಬಂದ ಹೆಣ್ಮಕ್ಕಳನ್ನ ಹಿಂಗ ಹೊಡದಾಡಸ್ತಾರೇನ್ರಿ? ನಮ್ಮ ಕಡೆ ಮೊದಲ ಕಾಲಿಗೆ ನೀರ ಕೊಡ್ತಾರ್ರಿ."

"ಪರಿಚಯ ಮಾಡಿಸಿದ್ದು ಮಾರಾಯ್ರೆ."

"ಇದು ಪರಿಚಯ ಆದ್ರ ಜಗಳ ಹೆಂಗಿರ್ತದ್ರಿ?"

ಮರುದಿನವೂ ಅದೇ. ಕಾಳು ಹಾಕಿದ ಕಡೆ ಕರಿಯವುಗಳನ್ನು ಕೆಂಪಿ ಸುಳಿಯಗೊಡಲಿಲ್ಲ. ಒಂದರ ಜುಟ್ಟಿನಿಂದ ರಕ್ತ ಬಂತು. ಮೊಟ್ಟೆ ಯಾರೂ ಇಡಲಿಲ್ಲ. ಹೊಸಬರಿಗೆ ಧೈರ್ಯವಿರಲಿಲ್ಲ, ಕೆಂಪಿಗೆ ಪುರುಸೊತ್ತಿರಲಿಲ್ಲ. ಸಂಕಪ್ಪ ತೀರ್ಪು ಕೊಟ್ಟ: "ಹೀಗೇ ಆದರೆ ಆದಿತ್ಯವಾರ ಕೆಂಪಿ ಸುಕ್ಕ." ಗಿರಾಕಿಗಳಿಗೂ ಹೇಳಿಬಿಟ್ಟ. ಅವರು ಆಗಲೇ ಕಾಲು ಯಾರಿಗೆ, ರೆಕ್ಕೆ ಯಾರಿಗೆ ಎಂದು ಮಾತಾಡಿಕೊಂಡರು.

ರಾಜೀವಿ ಒಲೆಯ ಮುಂದಿನಿಂದ ಎದ್ದು ಬಂದಳು.

"ಹಡಗಿನಲ್ಲಿ ನಾನು ವಾಂತಿ ಮಾಡ್ತಾ ಮಲಗಿದ್ದಾಗ ನನ್ನ ಹತ್ತಿರ ಕೂತಿದ್ದವಳು ಅವಳು. ನೀವಲ್ಲ."

"ನಾನು ಪುಣೆಯಲ್ಲಿ ಮನೆ ನೋಡ್ಲಿಕ್ಕೆ ಮೊದಲೇ ಬಂದಿದ್ದೆ."

"ಗೊತ್ತುಂಟು. ಸುಕ್ಕ ಆಗಬೇಕಾದರೆ ಕಾಯಿ ನೀವೇ ತುರಿಯಿರಿ, ಮಸಾಲೆ ನೀವೇ ಅರೆಯಿರಿ. ಅದಲ್ಲದಿದ್ದರೆ ಒಂದು ಕೇಳ್ತೇನೆ, ಹೇಳಿ. ಅಂಕದ ಹುಂಜಕ್ಕೆ ಸಿಟ್ಟು ಬರಿಸುದು ಹೇಗೆ?"

ಸಂಕಪ್ಪ ಬಾಯಿಗೆ ಕೈ ಅಡ್ಡ ಹಿಡಿದ. "ಪ್ರಮಾಣ ಉಂಟಲ್ಲ!"

"ದೈವಕ್ಕೆ ನಾನು ಹೇಳಿಕೊಳ್ತೇನೆ, ಕೇಳಿದ್ದು ನಾನೇ ಅಂತ. ಹೇಳಿ."

ವರ್ಷಗಟ್ಟಲೆ ಒಳಗೆ ಕೂಡಿಹಾಕಿದ್ದ ವಿದ್ಯೆ. ಸಂಕಪ್ಪನ ಮುಖಕ್ಕೆ ಕಳೆ ಬಂತು.

"ಮೊದಲು ಒಂಟಿಯಾಗಿ ಕಟ್ಟಬೇಕು. ಬೇರೆ ಕೋಳಿಯ ಮುಖ ತೋರಿಸಬಾರದು."

"ಮತ್ತೆ?"

"ಒಳ್ಳೊಳ್ಳೆಯದನ್ನು ಕೈಯಲ್ಲೇ ತಿನ್ನಿಸಬೇಕು. ತಾನೇ ಯಜಮಾನ ಅಂತ ಅದಕ್ಕೆ ಅನಿಸಬೇಕು."

"ಮತ್ತೆ?"

"ಅದರ ಜಾಗಕ್ಕೇ ಬೇರೆಯದನ್ನು ತಂದರೆ ಹೊಡೆತ ದುಪ್ಪಟ್ಟು. ಕೊಕ್ಕಿಗೆ ಕೊಕ್ಕು ತೋರಿಸುದು. ಸುತ್ತ ಜನ ಬೊಬ್ಬೆ ಹಾಕಿದರೆ ಇನ್ನೂ..."

ಅವನು ಅಲ್ಲಿಗೇ ನಿಂತ. ಬಾಗಿಲ ಬಳಿ ಕೆಂಪಿ ತೆಂಗಿನಕಾಯಿಗಾಗಿ ಅವನ ಕೈಯನ್ನೇ ನೋಡುತ್ತಿದ್ದಳು.

"ಒಂದೂ ಬಿಡದೆ ಮಾಡಿದ್ದೇವೆ," ಎಂದಳು ರಾಜೀವಿ. "ನಾವಿಬ್ಬರೂ ಸೇರಿ. ಈಗ ಎಲ್ಲ ಉಲ್ಟಾ ಮಾಡುವ."

ಬಾಗಿಲ ಬಳಿಯ ಜಾಗ ಹೊಸಬರಿಗೆ ಹೋಯಿತು. ಕೆಂಪಿಯನ್ನು ಹಿತ್ತಲ ನಡುವೆ ಸಂದು ಸಂದಾಗಿ ಹೆಣೆದ ದೊಡ್ಡ ಬಿದಿರುಬುಟ್ಟಿಯ ಕೆಳಗೆ ಇಟ್ಟರು. ನೋಡಬಹುದು, ಕುಕ್ಕುವಂತಿಲ್ಲ. ಕಾಳನ್ನು ಒಂದೇ ಕಡೆ ಸುರಿಯದೆ ಅಲ್ಲಲ್ಲಿ ಚೆಲ್ಲಿದರು. ಓಡಿ ಅಡಗಲು ಗೋಡೆಗೆ ಒಂದು ಹಲಗೆ ಒರಗಿಸಿದರು. ಗಿರಾಕಿಗಳಿಗೆ ಹಿತ್ತಲು ಬಂದ್ ಆಯಿತು. ಕೆಂಪಿ ಆ ದಿನ ಕಾಳು ಮುಟ್ಟಲಿಲ್ಲ.

"ಜೈಲಿನ್ಯಾಗ ಹಾಕೀರಿ, ಉಪವಾಸ ಕುಂತಾಳ," ಎಂದಿತು ಮಾಳಿಗೆ. "ಈ ಸತ್ಯಾಗ್ರಹದ ಕಾಲದಾಗ ಇದು ಭಾಳ ದೊಡ್ಡ ವಿಷಯ ಅದರಿ."

ಮರುದಿನ ಹಸಿವು ಗೆದ್ದಿತು. ಕರಿಯವುಗಳಿಗೂ ಭಯ ಕಡಿಮೆಯಾಗಿ, ಬುಟ್ಟಿಯ ಪಕ್ಕದ ಕಾಳಿಗೇ ಬರತೊಡಗಿದವು. ಸಂದಿನ ಈಚೆಗೊಬ್ಬರು, ಆಚೆಗೊಬ್ಬರು, ಬೇರೆ ಬೇರೆ ಪಂಕ್ತಿಯಲ್ಲಿ ಕೂತ ನೆಂಟರ ಹಾಗೆ ಮುಖ ಕೊಡದೆ ತಿಂದರು.

ಶನಿವಾರ ಬುಟ್ಟಿ ಎತ್ತಿದರು. ಇಂದಲ್ಲದಿದ್ದರೆ ನಾಳೆ ಮಸಾಲೆ. ಕೆಂಪಿ ನೆಟ್ಟಗೆ ತನ್ನ ಹಳೆಯ ಬಾಗಿಲಿಗೆ ನಡೆದಳು. ಈಗ ಅಲ್ಲಿಯ ಒಡತಿಯಾಗಿದ್ದ ಕರಿ ಹೇಂಟೆ ಅವಳ ನೆತ್ತಿಗೆ ಒಂದು ಕುಕ್ಕಿತು. ಕೆಂಪಿಯ ಕುತ್ತಿಗೆಯ ಪುಕ್ಕಗಳು ಕೊಡೆಯಂತೆ ಬಿಚ್ಚಿಕೊಂಡವು. ಸಂಕಪ್ಪನ ಕೈಗಳು ತಾವಾಗಿಯೇ ಮೇಲೆದ್ದವು. ಅವನು ಅವನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ಬಿಡಬ್ಯಾಡ ಕೆಂಪಿ! ಹಾಕ್ ಒಂದ!"

ಕೂಗು ಬಂದದ್ದು ಮೇಲಿನಿಂದ. ಎಲ್ಲರೂ ತಲೆಯೆತ್ತಿದರು. ಶಿವಪುತ್ರಪ್ಪನವರ ಅರ್ಧ ಮೈ ಕಿಟಕಿಯ ಹೊರಗಿತ್ತು. ಅವರು ತಮ್ಮ ದನಿಗೆ ತಾವೇ ಬೆಚ್ಚಿ ಒಳಗೆ ಸರಿದರು. ಕೆಂಪಿಯೂ ಕತ್ತು ಓರೆಮಾಡಿ ಮೇಲೆ ನೋಡಿದಳು. ನೋಡಿ ಮುಗಿಸಿ ಈಚೆ ತಿರುಗುವಷ್ಟರಲ್ಲಿ ಕರಿ ಹೇಂಟೆ ಕಾಳಿನ ಕಡೆ ಹೋಗಿಬಿಟ್ಟಿತ್ತು. ಜಗಳಕ್ಕೆ ಎದುರಾಳಿ ಇರಲಿಲ್ಲ, ಕಾಲ ಬುಡದಲ್ಲಿ ಕಾಳಿತ್ತು. ಕೆಂಪಿ ಪುಕ್ಕ ಇಳಿಸಿ ಕೆದಕಲು ತೊಡಗಿದಳು. ಆಮೇಲೂ ಅಲ್ಲೊಂದು ಇಲ್ಲೊಂದು ಕುಕ್ಕು ನಡೆಯಿತು. ಆದರೆ ಅದು ಒಂದೇ ಮನೆಯವರ ಕುಕ್ಕು. ಸಂಜೆ ಮೂರೂ ಒಂದೇ ಗೂಡಿಗೆ ಹೊಕ್ಕವು.

ಆದಿತ್ಯವಾರ ರೈಲ್ವೆ ಗಾರ್ಡ್ ಪ್ರಲ್ಹಾದ ತೋಳು ಮಡಚಿಕೊಂಡು ಎಲೆಯ ಮುಂದೆ ಕೂತ. "ಸಂಕಪ್ಪಾ, ಸುಕ್ಕಾ ಕುಠೆ ಆಹೇ?" ಸುಕ್ಕ ಎಲ್ಲಿ ಎಂದು ಮರಾಠಿಯಲ್ಲಿ ಕೇಳಿದ.

ಸಂಕಪ್ಪ ಅಡುಗೆಮನೆಯ ಕಡೆ ನೋಡಿದ.

"ಕುಂಬಳಕಾಯಿ ಉಂಟು!" ಎಂದು ಒಳಗಿನಿಂದ ಉತ್ತರ ಬಂತು.

"ಅದರದ್ದೇ ಸುಕ್ಕ," ಎಂದು ಸಂಕಪ್ಪ ಎಲ್ಲರಿಗೂ ಧಾರಾಳವಾಗಿ ಬಡಿಸಿದ. ಪ್ರಲ್ಹಾದ ಗೊಣಗುತ್ತ ಎರಡನೆಯ ಸಲ ಹಾಕಿಸಿಕೊಳ್ಳುವಾಗ ಹಿತ್ತಲಲ್ಲಿ ಯಾರೋ ಮೊಟ್ಟೆಯಿಟ್ಟ ಸುದ್ದಿಯನ್ನು ಊರಿಗೇ ಸಾರತೊಡಗಿದರು. ಯಾರದೆಂದು ತಿಳಿಯಲು ಸಂಕಪ್ಪ ಸೌಟು ಹಿಡಿದೇ ಓಡಿದ.

ತಿಳಿಯಲಿಲ್ಲ. ಮೂವರೂ ಕೂಗುತ್ತಿದ್ದರು.