ನೂರಾ ನಲವತ್ತು ಗ್ರಾಂ

ಬಾಗಲವಾಡದ ಅಂಗನವಾಡಿಯಲ್ಲಿ ಅವತ್ತು ಇಪ್ಪತ್ತೇಳು ಮಕ್ಕಳ ತೂಕ ಮುಗಿದಿತ್ತು. ಕೊನೆಯವನು ಬೂದೆಮ್ಮನ ಮಗ ತಿರುಪತಿ. ಎರಡು ವರ್ಷ ತುಂಬಿದ್ದರೂ ಇನ್ನೂ ಅವ್ವನ ಸೊಂಟದ ಮೇಲೆಯೇ ಬರುತ್ತಿದ್ದ. ಬೂದೆಮ್ಮ ಅವನನ್ನು ತಕ್ಕಡಿಯ ಮೇಲೆ ಕೂರಿಸಿ, ಸೆರಗಿನಿಂದ ಬೆವರು ಒರೆಸಿಕೊಂಡು, ನನ್ನನ್ನು ನೋಡಿದಳು.

"ಅಕ್ಕಾರ, ತಿಂಗಳಾ ತಿಂಗಳಾ ತೂಗಿ ತೂಗಿ ನಮ್ಮ ಹುಡುಗರ್ನ ಸಂತಿಗೆ ಒಯ್ದು ಮಾರ್ತೀರೇನ್ರಿ?"

ಬಾಗಿಲ ಬಳಿ ಕೂತ ಹೆಂಗಸರು ನಕ್ಕರು.

"ಗಬ್ಬೂರಾಗ ನಮ್ಮ ತಂಗಿ ಮಗಗ ಶೇಂಗಾದ ಪುಡಿ ಕೊಡ್ತೀರಂತ. ನಮ್ಮೂರಿಗೆ ಬರೇ ತಕ್ಕಡಿ. ನಾವೇನು ಅನ್ಯಾಯ ಮಾಡೀವಿ?"

ನಾನು ಪ್ರತಿ ತಿಂಗಳೂ ಹೇಳುತ್ತಿದ್ದ ಮಾತನ್ನೇ ಹೇಳಿದೆ. "ಮುಂದಿನ ಸಲ ನಿಮ್ಮೂರಿಗೂ ಬರ್ತದ ಬೂದೆಮ್ಮ."

ಅದು ಬರುವುದು ಬಿಡುವುದು ಮಿನಾಜ್ ಮೇಡಂ ಕೈಯಲ್ಲಿತ್ತು. ಮೇಡಂ ರಾಯಚೂರಿನ ಒಂದು ಮೆಡಿಕಲ್ ಕಾಲೇಜಿನಲ್ಲಿ ಮಕ್ಕಳ ಡಾಕ್ಟರು. ಹೊಸ ಸಂಶೋಧಕರಿಗೆಂದೇ ಇಟ್ಟ ಒಂದು ಸಣ್ಣ ಅನುದಾನ ಅವರಿಗೆ ಸಿಕ್ಕಿತ್ತು. ಓದು ಮುಗಿಸಿ ಐದು ವರ್ಷ ದಾಟಿದವರು ಅದಕ್ಕೆ ಅರ್ಜಿ ಹಾಕುವಂತಿಲ್ಲ. ಮೇಡಂಗೆ ಅದು ಐದನೆಯ ವರ್ಷ, ಮೂರನೆಯ ಅರ್ಜಿ. ದೇವದುರ್ಗ ತಾಲ್ಲೂಕಿನ ಗಬ್ಬೂರಿನಲ್ಲಿ ಮೂವತ್ತು ಮಕ್ಕಳಿಗೆ ಆರು ತಿಂಗಳು ಶೇಂಗಾ, ಜೋಳ, ಬೆಲ್ಲದ ಪುಡಿ ತಿನ್ನಿಸಬೇಕು. ಮಾನ್ವಿ ತಾಲ್ಲೂಕಿನ ಬಾಗಲವಾಡದಲ್ಲಿ ಮೂವತ್ತು ಮಕ್ಕಳಿಗೆ ಏನೂ ಕೊಡದೆ ತೂಗಬೇಕು. ಪುಡಿಯಿಂದ ವ್ಯತ್ಯಾಸ ಆಯಿತು ಎಂದು ತೋರಿಸಿದರೆ ಎರಡನೆಯ ಹಂತದಲ್ಲಿ ದೊಡ್ಡ ಅನುದಾನ, ಮೂರು ವರ್ಷಕ್ಕೆ. ಅವರ ಕೈಕೆಳಗೆ ತೂಕ ಬರೆಯುವ ನನ್ನ ಕೆಲಸವೂ ಮೂರು ವರ್ಷ ಮುಂದುವರಿಯುತ್ತಿತ್ತು. ಯರಗೇರಾದಲ್ಲಿ ಇಬ್ಬರು ಮಕ್ಕಳನ್ನು ಅತ್ತೆಯ ಕೈಗೆ ಕೊಟ್ಟು ಬೆಳಗಿನ ಆರರ ಬಸ್ಸಿಗೆ ಓಡುವವಳು ನಾನು. ಮೂರು ವರ್ಷ ಎಂಬ ಮಾತು ನನಗೂ ಸಣ್ಣದಾಗಿರಲಿಲ್ಲ.

ಅನುದಾನ ಕೊಟ್ಟವರ ಷರತ್ತು ಎರಡು. ಒಂದು, ಪ್ರತಿ ಊರಿನಲ್ಲೂ ಕಡಿಮೆಯೆಂದರೆ ಇಪ್ಪತ್ತೆಂಟು ಮಕ್ಕಳು ಕೊನೆಯವರೆಗೆ ಪಟ್ಟಿಯಲ್ಲಿ ಉಳಿಯಬೇಕು. ಎರಡು, ಯಾವ ಮಗುವಿನ ತೂಕ ಅದರ ಎತ್ತರಕ್ಕೆ ಹಾಕಿದ ಗೆರೆಗಿಂತ ಕೆಳಗೆ ಇಳಿಯುತ್ತದೋ ಆ ಮಗುವನ್ನು ಅವತ್ತೇ ಆಸ್ಪತ್ರೆಗೆ ಕಳಿಸಿ, ಹೆಸರನ್ನು ಪಟ್ಟಿಯಿಂದ ತೆಗೆಯಬೇಕು. ಬಾಗಲವಾಡದ ಎರಡು ಮನೆಯವರು ದೀಪಾವಳಿ ಆದಮೇಲೆ ಗಾರೆ ಕೆಲಸಕ್ಕೆ ಊರು ಬಿಟ್ಟಿದ್ದರು. ಉಳಿದದ್ದು ಸರಿಯಾಗಿ ಇಪ್ಪತ್ತೆಂಟು.

ತಕ್ಕಡಿಯ ಮೇಲೆ ಎಂಟು ಕಿಲೋ ನಲವತ್ತು ಗ್ರಾಂ ಬಂತು. ತಿರುಪತಿಯ ಎತ್ತರಕ್ಕೆ ಗೆರೆ ಇದ್ದದ್ದು ಎಂಟು ಕಿಲೋಕ್ಕೆ.

ಆದರೆ ಅವನ ಸೊಂಟದಲ್ಲಿ ಬೆಳ್ಳಿ ಉಡದಾರ ಇತ್ತು, ಕಾಲಲ್ಲಿ ಕಡಗ ಇದ್ದವು. ಮಕ್ಕಳನ್ನು ಬರಿಮೈಯಲ್ಲಿ ತೂಗಬೇಕು ಎಂದು ಕಾಗದದಲ್ಲಿ ಬರೆದವರು ಈ ಕಡೆ ಬಂದವರಲ್ಲ. ಇಲ್ಲಿ ಜೀವ ಇರುವ ಮಗುವಿನ ಸೊಂಟದಿಂದ ಉಡದಾರ ಯಾರೂ ಬಿಚ್ಚುವುದಿಲ್ಲ. ಮೊದಲ ತಿಂಗಳು ಬಾಯ್ತಪ್ಪಿ ಬಿಚ್ಚಿರಿ ಎಂದದ್ದಕ್ಕೆ ಒಬ್ಬ ಮುದುಕಿ ನನ್ನ ಮುಖಕ್ಕೆ ಉಗುಳುವುದೊಂದು ಬಾಕಿ ಇತ್ತು. ಆಮೇಲೆ ನಾನೇ ಮಾನ್ವಿಯಲ್ಲಿ ಬೆಳ್ಳಿ ಕೆಲಸದ ಪತ್ತಾರನ ಅಂಗಡಿಗೆ ಹೋಗಿ, ಅಂಥದ್ದೇ ಉಡದಾರ ಮತ್ತು ಕಡಗ ತೂಗಿಸಿ ಬಂದಿದ್ದೆ. ನೂರಾ ನಲವತ್ತು ಗ್ರಾಂ. ಹಾಳೆಯಲ್ಲಿ ಅದಕ್ಕೆಂದೇ ಒಂದು ಮನೆ ಗೆರೆ ಹಾಕಿಕೊಂಡಿದ್ದೆ. ಬೆಳ್ಳಿ ಇದ್ದ ಮಕ್ಕಳಿಗೆ ನಾಲ್ಕು ತಿಂಗಳಿಂದ ಅಷ್ಟನ್ನು ಕಳೆಯುತ್ತ ಬಂದಿದ್ದೆವು.

ಕಳೆದರೆ ಏಳು ಕಿಲೋ ಒಂಬೈನೂರು.

ಅಂಗನವಾಡಿಯ ಗೋಪಮ್ಮ ಅಷ್ಟರಲ್ಲಿ ತನ್ನ ಅಳತೆ ಪಟ್ಟಿಯನ್ನು ಹುಡುಗನ ತೋಳಿಗೆ ಸುತ್ತಿದಳು. ಪಟ್ಟಿ ಕೆಂಪು ಬಣ್ಣಕ್ಕೆ ಬಂದು ನಿಂತಿತು. ಕೆಂಪು ಬಂದರೆ ಆಸ್ಪತ್ರೆ ಎಂಬುದು ಊರಿನ ಹೆಂಗಸರಿಗೆಲ್ಲ ಗೊತ್ತಿತ್ತು.

"ನಾ ಅನ್ನಲಿಲ್ಲೇನಬೇ?" ಎಂದಳು ಗೋಪಮ್ಮ. "ನಾಳಿ ಮುಂಜಾನಿ ಮಾನ್ವಿ ದವಾಖಾನಿಗೆ ಒಯ್ಯಿ. ಹದಿನಾಕು ದಿನ ಇಟ್ಕೊಂತಾರ. ನಿನಗೂ ಊಟ ಹಾಕ್ತಾರ."

"ಮೆಣಸಿನಕಾಯಿ ಬಿಡಿಸೋದು ಅದ. ಅತ್ತಿ ಬೈತಾಳ," ಎಂದಳು ಬೂದೆಮ್ಮ. ಆಮೇಲೆ ತಾನೇ, "ಬೈದ್ರ ಬೈಲಿ, ಒಯ್ತೀನಿ," ಎಂದಳು.

ಮೇಡಂ ಕಿಟಕಿಯ ಬಳಿ ಇದ್ದರು. ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡು ನೋಡಿದರು. ಬಗ್ಗಿ ತಿರುಪತಿಯ ಪಾದವನ್ನು ಹೆಬ್ಬೆರಳಿನಿಂದ ಒತ್ತಿ ಬಿಟ್ಟರು, ಗುಣಿ ಬೀಳಲಿಲ್ಲ, ಅಂದರೆ ಬಾವು ಇರಲಿಲ್ಲ. ಕಣ್ಣಿನ ರೆಪ್ಪೆ ಎಳೆದು ನೋಡಿದರು. ಹುಡುಗ ಅಳಲಿಲ್ಲ. ಅಳದ ಮಗು ಎಂದರೆ ಏನೆಂದು ನನಗೆ ಗೊತ್ತು, ಮೇಡಂಗೂ ಗೊತ್ತು. ಗಬ್ಬೂರಿನಲ್ಲಿ ಅಂಥದೊಂದು ಹುಡುಗಿಯನ್ನು ಅವರೇ ಎತ್ತಿಕೊಂಡು ಜೀಪಿನಲ್ಲಿ ರಾಯಚೂರಿಗೆ ಒಯ್ದಿದ್ದರು. ಗಬ್ಬೂರಿನಲ್ಲಿ ಆಗ ಮೂವತ್ತಕ್ಕೆ ಮೂವತ್ತೂ ಇದ್ದವು, ಒಂದು ಹೆಸರು ತೆಗೆದರೂ ಷರತ್ತು ಮುರಿಯುತ್ತಿರಲಿಲ್ಲ.

"ಮಂಜುಳಾ, ಇದನ್ನ ಕಳೀಬ್ಯಾಡ," ಎಂದರು, ತಗ್ಗಿದ ದನಿಯಲ್ಲಿ. "ತಕ್ಕಡಿ ಎಷ್ಟು ತೋರಿಸ್ಯದೋ ಅಷ್ಟ ಬರಿ."

"ಬೆಳ್ಳಿ ಅದರೀ ಮೇಡಂ."

"ಗೊತ್ತದ. ಕೊನೀ ತೂಕಕ್ಕ ಇಪ್ಪತ್ತಾರು ದಿನ ಅದ. ಅದು ಮುಗಿದ ಮರುದಿನ ನಾನ ಬಂದು ಕರ್ಕೊಂಡು ಹೋಗ್ತೀನಿ. ಇಪ್ಪತ್ತಾರು ದಿನಕ್ಕ ಏನೂ ಆಗಂಗಿಲ್ಲ."

ನಾನು ಬರೆದೆ. ಹಾಳೆಯಲ್ಲಿ ಬೆಳ್ಳಿಯ ತೂಕದ ಮನೆಯನ್ನು ಖಾಲಿ ಬಿಟ್ಟೆ.

ಮೇಡಂ ಗೋಪಮ್ಮನ ಕಡೆ ತಿರುಗಿದರು. "ಪಟ್ಟಿ ಬಿಗಿ ಜಗ್ಗೀರಿ ನೀವು. ಹಂಗ ಜಗ್ಗಿದ್ರ ನನ್ನ ತೋಳೂ ಕೆಂಪಿಗೆ ಬರ್ತದ."

ಗೋಪಮ್ಮ ಮೂವತ್ತು ವರ್ಷದಿಂದ ಮಕ್ಕಳ ತೋಳು ಅಳೆಯುವವಳು. ಡಾಕ್ಟರ ಮುಖ ನೋಡಿದಳು, ಪಟ್ಟಿಯನ್ನು ಸುರುಳಿ ಸುತ್ತಿ ಇಟ್ಟಳು.

"ಹಂಗಾರ ಒಯ್ಯೋದು ಬ್ಯಾಡೇನ್ರಿ ಡಾಕ್ಟರಮ್ಮ?" ಬೂದೆಮ್ಮ ಕೇಳಿದಳು.

"ಹುಡುಗ ಗಟ್ಟಿ ಅದಾನ. ದಿನಾ ಒಂದು ಕೋಳಿ ತತ್ತಿ ತಿನಿಸು. ಬರೋ ತಿಂಗಳು ತಪ್ಪದ ಕರ್ಕೊಂಡು ಬಾ."

ಬೂದೆಮ್ಮನ ಮುಖ ಅರಳಿತು. ಆ ಮುಖವನ್ನು ನಾನು ನೋಡಬಾರದಿತ್ತು. "ಗಟ್ಟಿ ಅದಾನಂತ ನೋಡು," ಎಂದು ಬಾಗಿಲಲ್ಲಿದ್ದವರಿಗೆ ಹೇಳಿ, ಮಗನನ್ನು ಸೊಂಟಕ್ಕೆ ಏರಿಸಿಕೊಂಡು ಹೋದಳು. ಮರುದಿನ ಮುಂಜಾನೆ ಮೆಣಸಿನಕಾಯಿ ಹೊಲಕ್ಕೂ ಹೋದಳಂತೆ.

ಹದಿನೇಳನೆಯ ದಿನ ಗೋಪಮ್ಮ ಫೋನು ಮಾಡಿದಳು. ನಾನು ಮನೆಯಲ್ಲಿ ಮಗಳ ತಲೆ ಬಾಚುತ್ತಿದ್ದೆ.

"ಎಲ್ಡು ದಿನ ಭೇದಿ ಆತು. ನಿನ್ನಿ ರಾತ್ರಿ ಹೋದ," ಎಂದಳು. "ಆಟೋದಾಗ ಹಾಕ್ಕೊಂಡು ಮಾನ್ವಿಗೆ ಹೊಂಟಿದ್ದೆವು, ಅರ್ಧ ದಾರಿಗೇ ತಣ್ಣಗಾದ. ನನ್ನ ಪಟ್ಟಿ ಬಿಗಿ ಇತ್ತಂತ ನಿಮ್ಮ ಡಾಕ್ಟರಮ್ಮಗ ಹೇಳು."

ನಾನು ಮೇಡಂಗೆ ಹೇಳಿದೆ. ತೋಳಿನ ಪಟ್ಟಿಯ ಮಾತು ಹೇಳಲಿಲ್ಲ. ಅವರು ಫೋನು ಇಟ್ಟುಬಿಟ್ಟರು, ಅತ್ತರೋ ಏನೋ. ಸಂಜೆ ಅವರೇ ತಿರುಗಿ ಫೋನು ಮಾಡಿದಾಗ ದನಿ ಸರಿಯಾಗಿತ್ತು.

"ನಿಯಮ ಓದಿದೆ, ಮಂಜುಳಾ. ಸಾವು ಅಂದ್ರ ಪಟ್ಟಿ ಬಿಟ್ಟು ಹೋದಂಗಲ್ಲ. ಅದೂ ಒಂದು ಫಲಿತಾಂಶನ. ಆಖರಿಗೆ ತೂಗಿದ್ದನ್ನ ಕೊನೀ ತಿಂಗಳಿಗೂ ಬರೀಬೇಕಂತ. ಇಪ್ಪತ್ತೆಂಟು ಇಪ್ಪತ್ತೆಂಟ ಉಳೀತದ."

ದವಾಖಾನೆಗೆ ಹೋಗಿದ್ದರೆ ಅವನ ಹೆಸರಿಗೆ ಗೆರೆ ಎಳೆಯಬೇಕಿತ್ತು. ಸತ್ತದ್ದರಿಂದ ಹೆಸರು ಉಳಿಯಿತು.

"ಒಂದು ಫಾರ್ಮ್ ಅದ, ಸಾವಿನ ವಿಚಾರಣಿದು. ನೀ ಹೋಗಿ ಅವರವ್ವನ ಹೆಬ್ಬೆಟ್ಟು ಹಾಕ್ಸಿಕೊಂಡು ಬಾ. ಒಂಬತ್ತನೇ ಪ್ರಶ್ನಿ, ಆಸ್ಪತ್ರೆಗೆ ಒಯ್ಯಲು ಸಲಹೆ ನೀಡಲಾಗಿತ್ತೆ ಅಂತ. ಹೌದು ಅಂತ ಬರಿ."

"ನಾವು ಹೇಳಿಲ್ಲಲ್ರಿ ಮೇಡಂ."

"ಗೋಪಮ್ಮ ಹೇಳಿದ್ಲಲ್ಲ. ಯಾರು ಹೇಳಿದ್ರು ಅಂತ ಎಲ್ಲಿ ಕೇಳ್ಯಾರ?"

ಹುಡುಗನ ದಿನಕರ್ಮ ಮುಗಿದ ಮೇಲೆ ಬಾಗಲವಾಡಕ್ಕೆ ಹೋದೆ. ಬೂದೆಮ್ಮನ ಗಂಡ ಹುಸೇನಪ್ಪ ಬಾಗಿಲ ಪಕ್ಕದ ಕಟ್ಟೆಯ ಮೇಲೆ ಕೂತಿದ್ದ. ರಾಯಚೂರಿನ ಹತ್ತಿ ಮಿಲ್ಲಿನಲ್ಲಿ ಹಮಾಲಿ ಮಾಡುವವನು, ಮಗ ಹೋದ ಮೇಲೆಯೇ ಊರು ಮುಟ್ಟಿದ್ದ. ನನ್ನನ್ನು ಕಂಡು ಎದ್ದು ನಿಂತು, "ಬರ್ರಿ ಅಕ್ಕಾರ," ಎಂದು ಚಾಪೆ ಹಾಸಿದ. ಬೂದೆಮ್ಮ ಹೊಸ್ತಿಲ ಒಳಗೆ ಕೂತಿದ್ದಳು.

ನಾನು ಒಂದೊಂದೇ ಪ್ರಶ್ನೆ ಓದಿದೆ. ಎಷ್ಟು ಸಲ ಭೇದಿ, ವಾಂತಿ ಇತ್ತೆ, ನೀರು ಕುಡಿದನೆ. ಅವಳು ಎಲ್ಲಕ್ಕೂ ಸರಿಯಾಗಿ ಉತ್ತರ ಕೊಟ್ಟಳು. ಒಂಬತ್ತಕ್ಕೆ ಬಂದೆ. ಕಾಗದದ ಭಾಷೆ ಬಿಟ್ಟು ಕೇಳಿದೆ.

"ದವಾಖಾನಿಗೆ ಒಯ್ಯಿ ಅಂತ ಹೇಳಿದ್ರಲ್ಲ ಬೂದೆಮ್ಮ?"

"ಗೋಪಮ್ಮ ಅಂದಿದ್ಲು. ಆಮ್ಯಾಲ ಡಾಕ್ಟರಮ್ಮ ಬ್ಯಾಡ ಅಂದ್ರಲ್ಲ, ಅಕ್ಕಾರ. ನೀವೂ ಅಲ್ಲೇ ಇದ್ರಿ."

ಹುಸೇನಪ್ಪ ನನ್ನ ಮುಖ ನೋಡಿದ.

ನನಗೆ ಮೇಡಂ ನೆನಪಾಗಲಿಲ್ಲ, ಅನುದಾನವೂ ನೆನಪಾಗಲಿಲ್ಲ. ಯರಗೇರಾದ ಮನೆ, ಅಲ್ಲಿಯ ಎರಡು ಸ್ಕೂಲ್ ಚೀಲ ಕಣ್ಣಿಗೆ ಬಂದವು.

"ಬ್ಯಾಡ ಅನ್ನಲಿಲ್ಲ ಬೂದೆಮ್ಮ," ಎಂದೆ. "ಗಟ್ಟಿ ಅದಾನ ಅಂದ್ರು, ಅಷ್ಟ."

ಆ ದಿನದ ಮಾತನ್ನು ಒಂದೊಂದಾಗಿ ತೆಗೆದು ನೋಡುತ್ತಿದ್ದಾಳೆ ಎಂಬುದು ಅವಳ ಹಣೆಯ ಮೇಲೆ ಕಾಣುತ್ತಿತ್ತು. ಬೇಡ ಎಂಬ ಶಬ್ದ ಎಲ್ಲಿಯೂ ಸಿಗಲಿಲ್ಲ.

"ಹೌದಲ್ಲ," ಎಂದಳು. "ಬ್ಯಾಡ ಅನ್ನಲಿಲ್ಲ ಅವರು."

ಹೆಬ್ಬೆಟ್ಟಿಗೆ ಮಸಿ ಹಚ್ಚಿ ಕಾಗದದ ಮೇಲೆ ಒತ್ತಿಸಿದೆ. ಅವಳು ಬೆರಳನ್ನು ಗೋಡೆಗೆ ಒರೆಸಿಕೊಂಡಳು.

ಹುಸೇನಪ್ಪ ಕೇಳಿದ. "ಅಂದ್ರ ಒಯ್ಯಿ ಅಂತ ಹೇಳಿದ್ರು. ಇಕಿ ಮೆಣಸಿನಕಾಯಿ ಬಿಡಿಸಾಕ ಹೋದ್ಲು."

ಯಾರನ್ನು ಕೇಳಿದನೋ ತಿಳಿಯಲಿಲ್ಲ. ಬೂದೆಮ್ಮ ತಲೆ ಬಗ್ಗಿಸಿದ್ದಳು. ನಾನು ಕಾಗದವನ್ನು ಮಡಿಚಿ ಚೀಲದಲ್ಲಿ ಇಡುತ್ತಿದ್ದೆ. ಒಂದು ಮಾತು ಹೇಳುವಷ್ಟು ಹೊತ್ತು ಇತ್ತು, ಎರಡು ಮಾತಿಗೂ ಸಾಲುತ್ತಿತ್ತು.

"ಬಸ್ ಎಷ್ಟಕ್ಕರೀ ಅಕ್ಕಾರ?" ಎಂದ.

"ನಾಕೂವರೆಗೆ."

"ಹಂಗಾರ ಹೊಂಡ್ರಿ. ಮತ್ತ ತಪ್ಪೀತು." ದನಿಯಲ್ಲಿ ಮರ್ಯಾದೆ ಕಡಿಮೆಯಾಗಿರಲಿಲ್ಲ. ಹೆಂಡತಿಯ ಕಡೆ ತಿರುಗದೆಯೇ ಅವಳಿಗೆ ಹೇಳಿದ, "ಎದ್ದು ಒಳಗ ನಡಿ."

ಬೂದೆಮ್ಮ ಗೋಡೆ ಹಿಡಿದು ಎದ್ದಳು. ಅವನು ಚಾಪೆ ಸುತ್ತಿ ಒಳಗೆ ಇಟ್ಟು, ತಾನೂ ಹೋಗಿ ಬಾಗಿಲು ಮುಂದಕ್ಕೆ ಎಳೆದುಕೊಂಡ. ನಾನು ಓಣಿಯ ತಿರುವು ಮುಟ್ಟುವ ಮೊದಲೇ ಒಳಗಿನಿಂದ ಏಟಿನ ಸದ್ದು ಕೇಳಿಸಿತು. ಎದುರು ಮನೆಯ ಮುದುಕಿಯೊಬ್ಬಳು ಕಾಳು ಕೇರುತ್ತಿದ್ದ ಮೊರವನ್ನು ಪಕ್ಕಕ್ಕಿಟ್ಟು ನನ್ನನ್ನೇ ನೋಡಿದಳು. ನಾನು ಬಸ್ಸಿಗೆ ತಡವಾದವಳಂತೆ ಬೇಗಬೇಗ ಹೆಜ್ಜೆ ಹಾಕಿದೆ.