ಗೌಸಬಿಯವರಿಗೆ ಸಲ್ಲುವ ಸರ್ವನಾಮ

ಧಾರವಾಡದ ಇಂಗ್ಲಿಷ್ ಭಾಷಣ ಸ್ಪರ್ಧೆಯಲ್ಲಿ ಕಾನ್ವೆಂಟಿನ ಹುಡುಗರನ್ನು ಹಿಂದಿಕ್ಕಿ ಮೊದಲಿಗನಾದಾಗ ನಾನು ಬಂಕಾಪುರದ ಹೈಸ್ಕೂಲು ವಿದ್ಯಾರ್ಥಿ. ಅದಕ್ಕಾಗಿ ವರ್ಷವಿಡೀ ಎಮ್ಮೆ ಮೇಯಿಸುತ್ತ ಒಂದೊಂದು ವಾಕ್ಯವನ್ನೂ ಕಟ್ಟಿ, ಕೆಡವಿ, ಮತ್ತೆ ಕಟ್ಟಿದ್ದೆ.

ಅಂಥ ನನ್ನನ್ನು ಹೋದ ತಿಂಗಳು ಸವಣೂರಿನ ಶಾಲೆಯೊಂದರಲ್ಲಿ ಇಂಗ್ಲಿಷ್ ಭಾಷಣಕ್ಕೆ ತೀರ್ಪುಗಾರನಾಗಿ ಕೂರಿಸಿದರು. ಗೆದ್ದವರು ಹಾವೇರಿಯ ಸ್ಪರ್ಧೆಗೆ ಹೋಗುವವರು. ವಿಷಯ, ‘ನಾನು ಗೌರವಿಸುವ ವ್ಯಕ್ತಿ’. ಕೇಳುತ್ತ ಕೇಳುತ್ತ ಹಾಳೆಯ ಅಂಚಿನಲ್ಲಿ ತಪ್ಪುಗಳನ್ನು ಎಣಿಸತೊಡಗಿದೆ. ಒಬ್ಬ ತನ್ನ ತಂದೆಯನ್ನು ‘ಶಿ’ ಎಂದ. ಒಬ್ಬಳು ತಾಯಿಗೆ ‘ಹಿಮ್’ ಹಚ್ಚಿದಳು. ‘ಮಿ ಆ್ಯಂಡ್ ಮೈ ಫ್ರೆಂಡ್’ ಎಂದು ತೊಡಗದವರೇ ವಿರಳ. ಇವರಿಗೆ ಕಲಿಸಿದ ಹಾಲೇಶ ಮಾಸ್ತರರು ಪಕ್ಕದಲ್ಲಿ ಅಡಿಕೆ ಅಗಿಯುತ್ತ, ಅರ್ಥವಾದರೆ ಸಾಕಲ್ಲ ಎಂದು ನನಗೇ ಪಾಠ ಹೇಳಿದರು. ಹಳಸಿದ ಅನ್ನ ಬಡಿಸಿ, ಹೊಟ್ಟೆ ತುಂಬಿತಲ್ಲ ಎನ್ನುವವರ ಧಾಟಿ ಅದು.

ಕೊನೆಗೆ ತಹಮೀನಾ ಎಂಬ ಹುಡುಗಿ ಎದ್ದಳು. ಖಾರ ಕರಿದು ಮಾರಿ ತನ್ನನ್ನು ಸಾಕಿದ, ತಾನು ದಾದಿ ಎಂದು ಕರೆಯುವ ಅಜ್ಜಿ ಗೌಸಬಿಯವರ ಕುರಿತು ಮಾತನಾಡಿದಳು. ವಾಕ್ಯ, ಉಚ್ಚಾರ ಎಲ್ಲವೂ ನೆಟ್ಟಗಿದ್ದವು. ಅಜ್ಜಿಯನ್ನು ಮಾತ್ರ ಆದಿಯಿಂದ ಅಂತ್ಯದವರೆಗೆ ‘ದೇ’ ಎಂದಳು. ಅಂಕ ಹಾಕುವ ಮುನ್ನ ಅವಳನ್ನು ಹತ್ತಿರ ಕರೆದು, ಒಬ್ಬರಿಗೆ ‘ದೇ’ ಎನ್ನುತ್ತಾರೆಯೇ ಎಂದು ಗದರಿದೆ.

“ಗೊತ್ತೈತ್ರಿ ಸರ್, ‘ಶಿ’ ಅನ್ನಬೇಕು. ಆದ್ರ ದಾದಿ ಮುಂದ ಕುಂತಾರ. ಅವರ್ನ ಅಕಿ ಅಂತ ಹೆಂಗ ಅನ್ನಲ್ರಿ?”

ಹಾಲೇಶರು ನಕ್ಕರು. “ಆ ಮುದುಕಿಗೇನ ಇಂಗ್ಲಿಷ್ ತಿಳಿತೈತಿ? ‘ಇಟ್’ ಅಂದ್ರೂ ನಡಿತೈತಿ, ತಗೋ.”

ಆ ದಿನ ಕೇಳಿದ ತಪ್ಪುಗಳಲ್ಲೆಲ್ಲ ಅವರ ಈ ‘ಇಟ್’ನಷ್ಟು ಹೇಸಿಗೆ ಹುಟ್ಟಿಸಿದ್ದು ಇನ್ನೊಂದಿಲ್ಲ. ಆದರೂ ಹಾವೇರಿಯಲ್ಲಿ ‘ದೇ’ ಎಂದರೆ ಅಲ್ಲಿಯವರು ಹುಡುಗಿಯನ್ನು ಮೊದಲ ಸುತ್ತಿನಲ್ಲೇ ಇಳಿಸುತ್ತಾರೆ. ಹಾಗೆಂದು ಅವಳಿಗೆ ಹೇಳಿದೆ. ಅವಳು ತಲೆ ತಗ್ಗಿಸಿ, ಹಾಗಾದರೆ ಹೋಗುವುದೇ ಇಲ್ಲ ಎಂದಳು.

ನಾನೇ ಎದ್ದು, ಮೊದಲ ಸಾಲಿನಲ್ಲಿ ಕುಳಿತಿದ್ದ ಗೌಸಬಿಯವರ ಬಳಿಗೆ ಹೋಗಿ ಸಂಗತಿ ತಿಳಿಸಿದೆ. ರಾಣಿಯನ್ನೂ ಆ ಭಾಷೆಯಲ್ಲಿ ‘ಶಿ’ ಎಂದೇ ಕರೆಯುತ್ತಾರೆ ಎಂದೆ. ಅವರು ಮೊಮ್ಮಗಳತ್ತ ನೋಡಿದರು.

“ಅವರ ಭಾಷಾದಾಗ ಹಂಗ ಇದ್ರ ಹಂಗ ಅನ್ನವಾ. ನಾ ಏನ ಸಣ್ಣಾಕಿ ಆಗೂದಿಲ್ಲ.”

ತಹಮೀನಾ ಮೊದಲಿನಿಂದ ತೊಡಗಿ, ಮತ್ತೆ ‘ದೇ’ ಎಂದೇ ಅಂದಳು. ಆಗ ನಾನು ಗೌಸಬಿಯವರ ಎದುರು ಕೈಕಟ್ಟಿ ನಿಂತು, ಹುಡುಗಿಯ ಮೊದಲ ವಾಕ್ಯವನ್ನೇ ‘ಶಿ’ ಸೇರಿಸಿ, ಸಾವಕಾಶವಾಗಿ ಹೇಳಿದೆ. ಗೌಸಬಿಯವರು ಸೆರಗು ಸರಿಪಡಿಸಿಕೊಂಡು ನೆಟ್ಟಗೆ ಕುಳಿತರು.

ಹುಡುಗಿ ಅವರ ಮುಖವನ್ನೇ ನೋಡುತ್ತಿದ್ದಳು.

“ಇನ್ನೊಮ್ಮೆ ಅನ್ರಿ ಸರ್,” ಎಂದಳು.