ಸೊನ್ನೆಯ ಕೆಳಗೆ ಇಳಿಯದವನು

ಹೋದ ವರ್ಷ ಹೊನ್ನಾವರದ ರಸಪ್ರಶ್ನೆಯಲ್ಲಿ ಬೋರ್ಡಿನ ಮೇಲೆ ಮೈನಸ್ ಅಂಕ ನೋಡಿ ಹುಡುಗಿಯೊಬ್ಬಳು ಅತ್ತಿದ್ದಳು. ಅದಕ್ಕೇ ಈ ಸಲ ಯಾರ ಅಂಕವೂ ಸೊನ್ನೆಗಿಂತ ಕೆಳಗಿಳಿಯಬಾರದೆಂದು ನಾನೇ ನಿಯಮ ಮಾಡಿದೆ. ನನ್ನ ಬುದ್ಧಿಗಿಷ್ಟು ಬೆಂಕಿ ಬೀಳಲಿ.

ಕೊನೆಯದು ನದಿಗಳ ಸುತ್ತು. ಸರಿಯಾದರೆ ನೂರು ಅಂಕ, ತಪ್ಪಿದರೆ ನೂರು ಕಡಿತ. ತೊಂಬತ್ತು ಅಂಕ ಗಳಿಸಿದ್ದ ಕಾಯ್ಕಿಣಿಯ ಸೌಜನ್ಯಾ ಬಜರ್ ಮುಟ್ಟಲೇ ಹೆದರಿದಳು. ಸೊನ್ನೆಯಲ್ಲಿದ್ದ ಕುಮಟಾದ ಕಿರಣನಿಗೆ ಎಂತ ಹೆದರಿಕೆ? ಪ್ರತಿ ಪ್ರಶ್ನೆಯನ್ನೂ ಅರ್ಧ ಓದುವಷ್ಟರಲ್ಲೇ ಬಜರ್ ಒತ್ತಿ "ಶರಾವತಿ" ಎನ್ನುತ್ತಿದ್ದ. ನಾಲ್ಕು ಸಲ ತಪ್ಪಾಯಿತು. ನಾಲ್ಕು ಸಲವೂ ಅವನ ಸೊನ್ನೆ ಅಲ್ಲಾಡಲಿಲ್ಲ.

"ಟೀಚರೇ, ಅವಂದು ಎಂತಕ್ಕೆ ಕಡಿಮೆ ಆಗುದಿಲ್ಲ?" ಸೌಜನ್ಯಾ ಕೇಳಿದಳು.

ನಾನು ಕೊನೆಯ ಪ್ರಶ್ನೆಯ ಚೀಟಿ ಬಿಡಿಸಿದೆ. ಪ್ರಶ್ನೆಯ ಕೆಳಗೆ ನನ್ನದೇ ಅಕ್ಷರದಲ್ಲಿ ಉತ್ತರವಿತ್ತು: ಶರಾವತಿ. ಕಿರಣನ ಬೆರಳು ಆಗಲೇ ಬಜರ್ ಮೇಲಿತ್ತು.